ಮೂರನೆಯ ಬೀಗದ ಕೈ

ಗುಫೂಲ್, ಮನಾಮ
ಜುಲೈ ೧೧, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ರೀ,

ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಬಾಲಸುಬ್ರಹ್ಮಣ್ಯ ಎಂದು ಹೆಸರು ಹಿಡಿದು ಬರೆಯಲು ಕೈ ಬರಲಿಲ್ಲ. ಮದುವೆಯಾದಾಗಿನಿಂದ ‘ರೀ’ ಎಂದೇ ಕೂಗಿದ್ದೇನೆ, ಕಾಗದದಲ್ಲೂ ಅದೇ ಇರಲಿ. ಮೊದಲು ಹೇಳಿ, ಹೇಗಿದ್ದೀರಿ? ಜ್ವರ ಪೂರ್ತಿ ಬಿಟ್ಟಿತೇ, ಅಥವಾ ಸಂಜೆಯಾದರೆ ಮತ್ತೆ ಮೈ ಸುಡುತ್ತದೆಯೇ? ಕೆಮ್ಮು ಕಡಿಮೆಯಾಯಿತೇ? ಬೆಟ್ಟದಲ್ಲಿ ಜುಲೈನಲ್ಲೂ ರಾತ್ರಿ ಚಳಿ ಎಂದಿದ್ದಿರಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗುತ್ತೀರಿ ತಾನೆ? ಹೊಟ್ಟೆಗೆ ಏನು ಹಾಕಿಕೊಳ್ಳುತ್ತಿದ್ದೀರಿ? ಇಷ್ಟು ಪ್ರಶ್ನೆ ಕೇಳಿದರೂ ಉತ್ತರ ಬರುವುದಿಲ್ಲ ಎಂದು ಗೊತ್ತು. ಗಡಿಯ ಉದ್ದಕ್ಕೂ ಫೋನು, ಇಂಟರ್‌ನೆಟ್ ಎಲ್ಲ ನಿಲ್ಲಿಸಿದ್ದಾರಂತೆ. ನಿಮ್ಮ ಆಫೀಸಿನ ಇಜಾಝ್ ಭಾಯ್ ಇವತ್ತು ಮಧ್ಯಾಹ್ನದ ವಿಮಾನಕ್ಕೆ ಹೊರಡುತ್ತಿದ್ದಾರೆ. ಔಷಧಿ ತಲುಪಿಸುವುದಕ್ಕೆಂದು ಎರಡೂ ಕಡೆಯವರು ಅವರೊಬ್ಬರಿಗೆ ಮಾತ್ರ ದಾರಿ ಬಿಡುತ್ತಾರಂತೆ, ಅದೂ ಒಂದೇ ಸಲ. ಅದಕ್ಕೇ ಈ ಕಾಗದ. ದಾರಿಯಲ್ಲಿ ಯಾರಾದರೂ ಬಿಚ್ಚಿ ಓದಿಸಬಹುದು, ದೇಶದ ಹೆಸರು ಬರೆಯಬೇಡಿ ಭಾಭೀ ಎಂದಿದ್ದಾರೆ. ಅದಕ್ಕೆ ನೀವು ಫೋನಿನಲ್ಲಿ ಹೇಳುತ್ತಿದ್ದ ಹಾಗೆಯೇ ಮೇಲಿನವರು, ಕೆಳಗಿನವರು ಎಂದೇ ಬರೆಯುತ್ತೇನೆ. ನಾನು ನಿಮಗೆ ಕಾಗದ ಬರೆದು ಎಷ್ಟು ಕಾಲವಾಯಿತು ನೋಡಿ. ನಿಶ್ಚಿತಾರ್ಥದ ಮೇಲೆ ಹೃದಯವೆಲ್ಲ ಬಗೆದು ಪುಟಗಟ್ಟಲೆ ಬರೆದಿದ್ದೆ. ಅದಕ್ಕೆ ನೀವು ಹಾಸನದಿಂದ ‘ಇಲ್ಲಿ ಎಲ್ಲರೂ ಕ್ಷೇಮ, ಹೇಮಾವತಿಗೆ ಒಳಹರಿವು ಚೆನ್ನಾಗಿದೆ’ ಎಂದು ಉತ್ತರ ಕಳಿಸಿದ ಮಹಾನುಭಾವರು. ಆವತ್ತೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಇಲ್ಲಿ ನಾನು ಮತ್ತು ಸ್ಪಂದನಾ ಇದ್ದೇವೆ. ಕ್ಷೇಮ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಸುಳ್ಳು ಯಾಕೆ? ಸ್ಕೂಲಿಗೆ ರಜೆ, ಬೆಂಗಳೂರಿನ ಟಿಕೆಟ್ ಕ್ಯಾನ್ಸಲ್ ಮಾಡಿಸಿದೆ. ನೀವಿಲ್ಲದೆ ಹೊರಟರೆ ಏರ್‌ಪೋರ್ಟಿಗೆ ಬರುವ ಬಂಧುಗಳಿಗೆಲ್ಲ ನಾನು ಏನು ಹೇಳಲಿ? ಮಗಳು ದಿನವಿಡೀ ಏಸಿ ಹಾಕಿಕೊಂಡು ಫೋನು ತೀಡುತ್ತಾಳೆ, ನಿಮ್ಮ ಆ ಕಣಿವೆಯ ಸುದ್ದಿ ಎಲ್ಲಾದರೂ ಬಂತೇ ಎಂದು. ಎದುರು ಫ್ಲ್ಯಾಟಿನ ರೋಜಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೇ ಬರುತ್ತಾಳೆ, ಯೂನಿಫಾರ್ಮ್ ಕೂಡ ಬದಲಾಯಿಸದೆ. ‘ಎರಡು ತುತ್ತು ಉಣ್ಣು ಮಾರಾಯ್ತಿ, ನೀನು ಬಿದ್ರೆ ಆ ಹುಡುಗಿಯನ್ನು ಯಾರು ನೋಡಿಕೊಳ್ಳೋದು?’ ಎಂದು ಗದರಿಸುತ್ತಾಳೆ. ಮೊನ್ನೆ ಮನೆ ಮಾಲೀಕರು ನೀರಿನ ಟ್ಯಾಂಕ್ ನೋಡಲು ಬಂದವರು ನಿಮ್ಮನ್ನು ಕೇಳಿದರು. ನದಿಯ ಜಗಳದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದೆ. ಮುದುಕರು ಗಡ್ಡ ಸವರಿಕೊಂಡು, ನಮ್ಮಪ್ಪನ ಕಾಲದಲ್ಲಿ ಮುತ್ತು ತೆಗೆಯುವವರು ಸಮುದ್ರದ ತಳದಿಂದಲೇ ಸಿಹಿನೀರು ಹಿಡಿದು ತರುತ್ತಿದ್ದರು, ಈಗ ಒಂದು ಬುಗ್ಗೆಯೂ ಉಳಿದಿಲ್ಲ, ನಾವು ಯಾರ ಮೇಲೆ ಜಗಳಕ್ಕೆ ಹೋಗೋಣ ಎಂದರು. ಆಮೇಲೆ ಮೇಲೆ ಕೈಯೆತ್ತಿ ನಿಮಗಾಗಿ ದುವಾ ಮಾಡಿ ಹೋದರು. ನಾನು ಬಾಗಿಲು ಹಾಕಿಕೊಂಡು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕುಕ್ಕರಿಸಿ ಅತ್ತೆ.

ಬುಧವಾರ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಡಿಪ್ಲೊಮ್ಯಾಟಿಕ್ ಏರಿಯಾದ ನಿಮ್ಮ ಆಫೀಸಿಗೆ ಹೋಗಿದ್ದೆ. ನಿಮ್ಮ ದೊಡ್ಡ ಸಾಹೇಬರು ಕಾಫಿ ಕೊಟ್ಟರು, ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು. ಆಮೇಲೆ ಅವರು ಹೇಳಿದ ಮಾತು ಕೇಳಿ ನನ್ನ ಅಳು ಅಲ್ಲೇ ನಿಂತುಹೋಯಿತು. ಕಂಪನಿ ನಿಮ್ಮನ್ನು ವಾಪಸು ಬರಹೇಳಿ ಎರಡು ವಾರವಾಯಿತಂತೆ. ನಾಲೆಯ ಗೇಟಿನ ಬೀಗದ ಕೈ ಮೇಜಿನ ಮೇಲಿಟ್ಟು ಜೀಪು ಹತ್ತಿ ಬಾ, ಮುಂದಿನದು ಅವರವರ ಹಣೆಬರಹ ಎಂದು ಹೇಳಿಕಳಿಸಿದರೂ ನೀವು ಕದಲಲಿಲ್ಲವಂತೆ. ‘ನಿಮ್ಮ ಗಂಡ ಬಹಳ ಪ್ರಿನ್ಸಿಪಲ್ ಇರುವ ಮನುಷ್ಯ’ ಎಂದರು ಸಾಹೇಬರು, ಮೆಚ್ಚಿ ಹೇಳಿದರೋ ಬೈದರೋ ತಿಳಿಯಲಿಲ್ಲ. ಇದನ್ನು ನೀವು ನನಗೆ ಒಂದು ಮಾತೂ ಹೇಳಲಿಲ್ಲ. ‘ರಸ್ತೆ ಬಂದ್ ಆಗಿದೆ, ತೆರೆದ ಕೂಡಲೇ ಹೊರಡುತ್ತೇನೆ’ ಎಂದೇ ಹೇಳುತ್ತಾ ಬಂದಿರಿ. ರಸ್ತೆ ಬಂದ್ ಆಗಿರಲಿಲ್ಲ ರೀ. ನೀವೇ ಬಂದ್ ಆಗಿದ್ದಿರಿ. ಈಗ ಮಾತ್ರ ರಸ್ತೆ ನಿಜವಾಗಿ ಬಂದ್ ಆಗಿದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ನಮ್ಮ ಸಂಸಾರಕ್ಕೆ ಬಂದ ಲಾಭ ಎಲ್ಲಿದೆ ತೋರಿಸಿ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕ್ಷಮಿಸದಿದ್ದರೂ ಪರವಾಗಿಲ್ಲ. ಅಲ್ಲಿಯ ವಿಚಾರ ನನಗೆ ಅರ್ಥವಾಗಿಲ್ಲ ಎಂದು ಮಾತ್ರ ತಿಳಿಯಬೇಡಿ. ಮಗಳಿಗೆ ನೀವು ಊಟದ ಟೇಬಲ್ಲಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಪಾತ್ರೆ ಎತ್ತಿಡುತ್ತಾ ಎಲ್ಲ ಕೇಳಿಸಿಕೊಂಡಿದ್ದೇನೆ. ಸೋವಿಯತ್ ಇದ್ದಾಗ ಆ ದೇಶಗಳೆಲ್ಲ ಒಂದೇ ಮನೆ, ಯಜಮಾನ ಮಾಸ್ಕೋದಲ್ಲಿ. ಬೆಟ್ಟದ ಮೇಲಿನವರು ಚಳಿಗಾಲದಲ್ಲಿ ನೀರನ್ನು ಅಣೆಕಟ್ಟೆಯಲ್ಲಿ ತಡೆದಿಟ್ಟು ಬೇಸಿಗೆಯಲ್ಲಿ ಕೆಳಗಿನವರ ಹೊಲಕ್ಕೆ ಬಿಡಬೇಕು. ಅದಕ್ಕೆ ಬದಲಾಗಿ ಕೆಳಗಿನವರು ಚಳಿಗೆ ಕಲ್ಲಿದ್ದಲು, ಗ್ಯಾಸು ಮೇಲಕ್ಕೆ ಕಳಿಸಬೇಕು. ಮನೆ ಪಾಲಾಯಿತು. ಕೆಳಗಿನವರು ಕಲ್ಲಿದ್ದಲಿಗೆ ದುಡ್ಡು ಕೇಳಿದರು. ಮೇಲಿನವರು ನಮಗೂ ಚಳಿಯಾಗುತ್ತದೆ ಎಂದು ಕರೆಂಟಿಗಾಗಿ ಚಳಿಗಾಲದಲ್ಲೇ ನೀರು ಬಿಟ್ಟುಬಿಟ್ಟರು, ಬೇಸಿಗೆಗೆ ಕೆಳಗೆ ನೀರಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ದೊಡ್ಡ ನದಿಗೆ ದೊಡ್ಡ ದೊಡ್ಡ ಸಭೆ ಮಾಡುತ್ತಾರೆ, ನಿಮ್ಮ ಪಾಲಿಗೆ ಬಂದದ್ದು ಒಂದು ಸಣ್ಣ ಹೊಳೆ, ಅದರ ಒಂದು ನಾಲೆ, ನಾಲೆಗೆ ಒಂದು ಗೇಟು. ಮೇಲಿನ ಊರು ಒಂದು ದೇಶ, ಕೆಳಗಿನ ಊರು ಇನ್ನೊಂದು ದೇಶ. ನೀರಿನ ಜಗಳ ನಮಗೇನು ಹೊಸದೇ? ಕಾವೇರಿ ಗಲಾಟೆಯಲ್ಲಿ ಬಸ್ಸು ನಿಂತು ನಾನು ಪರೀಕ್ಷೆಗೆ ನಡೆದೇ ಹೋದವಳು. ಆದರೆ ನಮ್ಮ ಕಡೆ ಬಸ್ಸಿಗೆ ಕಲ್ಲು ಬೀಳುತ್ತಿತ್ತು, ಅಲ್ಲಿ ಗುಡ್ಡದ ಮೇಲೆ ಸೈನಿಕರು ಬಂದೂಕು ಹಿಡಿದು ಕೂತಿದ್ದಾರೆ. ಅಂಥ ಗೇಟಿನ ಹತ್ತಿರವೇ ಹಿಂದೆ ಒಮ್ಮೆ ಗುಂಡು ಹಾರಿ ಮನೆಗಳು ಸುಟ್ಟುಹೋದವು ಎಂದು ಹೇಳಿದವರು ನೀವೇ.

ಆ ಗೇಟಿಗೆ ಮೂರು ಬೀಗ. ಒಂದರ ಕೈ ಮೇಲಿನ ಊರಿನ ನೀರುಗಂಟಿಯ ಸೊಂಟದಲ್ಲಿ, ಇನ್ನೊಂದು ಕೆಳಗಿನ ಊರಿನ ನೀರುಗಂಟಿಯ ಸೊಂಟದಲ್ಲಿ, ಮೂರನೆಯದು ನಿಮ್ಮ ಕೊರಳಿನಲ್ಲಿ, ಜನಿವಾರದ ಜೊತೆ. ಮೂವರೂ ಒಟ್ಟಿಗೆ ನಿಂತರೆ ಮಾತ್ರ ಗೇಟು ಏಳುತ್ತದೆ. ಎಷ್ಟು ಏಳಬೇಕು, ಎಷ್ಟು ಹೊತ್ತು ಎಂದು ಅಳೆದು ಹೇಳುವವರು ನೀವು. ನಿಮಗಿಂತ ಮುಂಚೆ ಬಂದ ಒಬ್ಬ ಎಂಜಿನಿಯರು ಮೇಲಿನವರ ಮದುವೆಯಲ್ಲಿ ಕುರಿಮಾಂಸ ತಿಂದ, ಅವನ ಮಾತನ್ನು ಕೆಳಗಿನವರು ಒಪ್ಪಲಿಲ್ಲ. ಇನ್ನೊಬ್ಬ ಕೆಳಗಿನವರ ಜೊತೆ ಕೂತು ಕುಡಿದ, ಮೇಲಿನವರು ಒಪ್ಪಲಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎನ್ನುವುದು ಅಲ್ಲಿಯವರಿಗೆ ನಮಗಿಂತ ದೊಡ್ಡ ಮಾತಂತೆ. ರೊಟ್ಟಿ, ಉಪ್ಪು ತಿಂದವನು ತಿನ್ನಿಸಿದವನ ವಿರುದ್ಧ ಬೆರಳೆತ್ತುವ ಹಾಗಿಲ್ಲ. ಆಗ ಹೋದವರು ನೀವು, ಚನ್ನರಾಯಪಟ್ಟಣದ ಪುಳಿಚಾರು. ಕರೆಂಟ್ ಒಲೆ, ಕುಕ್ಕರು, ನನ್ನ ಸಾರಿನಪುಡಿಯ ಡಬ್ಬಿ ಹೊತ್ತುಕೊಂಡು. ಪೇಟೆಯಲ್ಲಿ ಅಕ್ಕಿ, ಆಲೂಗಡ್ಡೆ ಕೊಂಡು ತಂದು ಬೇಯಿಸಿಕೊಂಡಿರಿ, ಒಬ್ಬರ ಮನೆಯ ಒಂದು ಲೋಟ ಚಹಾ ಮುಟ್ಟಲಿಲ್ಲ. ಮಾಂಸ ಬೆಂದ ಮನೆ ಎಂದು ನೀವು ದೂರ ಇದ್ದಿರಿ. ಎರಡೂ ಊರಿನವರು, ಈ ಮನುಷ್ಯ ಯಾರ ಉಪ್ಪೂ ತಿನ್ನದವನು, ಮೂರನೆಯ ಬೀಗದ ಕೈ ಇವನ ಹತ್ತಿರವೇ ಇರಲಿ ಎಂದು ಒಪ್ಪಿಬಿಟ್ಟರು. ನಿಮ್ಮ ಮಡಿ ಲೋಕದಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ನಾನು ನಕ್ಕಿದ್ದೆ. ಆ ವರ್ಷ ಕೆಳಗಿನ ಊರಿನ ತೋಟದಲ್ಲಿ ಜರ್ದಾಳು ಹಣ್ಣು ಕೊಂಬೆ ಬಾಗುವಷ್ಟು ಬಿಟ್ಟಿತ್ತು ಎಂದು ಫೋಟೋ ಕಳಿಸಿದ್ದಿರಿ.

ಕೆಳಗಿನ ನೀರುಗಂಟಿ ಮುದುಕ ನಿಮ್ಮನ್ನು ಪ್ರತಿ ಶುಕ್ರವಾರ ಮನೆಗೆ ಕರೆಯುತ್ತಿದ್ದ ಎಂದು ಹೇಳಿದ್ದಿರಲ್ಲವೇ? ಮರದ ಕೆಳಗೆ ಚಾಪೆ ಹಾಕಿ, ರೊಟ್ಟಿ ಮುರಿದಿಟ್ಟು ಕಾಯುವನಂತೆ. ನೀವು ಎದೆಯ ಮೇಲೆ ಕೈಯಿಟ್ಟು ಬಾಗಿ, ಬೇಡ ಎಂದು ಬರುವುದಂತೆ. ಅವನ ಹೆಂಡತಿ ಪ್ರತಿ ಸಲವೂ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದಳಂತೆ. ಅದನ್ನು ಹೇಳುವಾಗೆಲ್ಲ ನಿಮ್ಮ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನೀವು ಎರಡನ್ನೂ ಬಲ್ಲವರಲ್ಲ ಎಂದು ರೇಗಿಸಿದ್ದೆ. ಆಗ ನೀವು ನಗುತ್ತಾ ನಿಮ್ಮ ಅಜ್ಜಿಯ ಕಥೆ ತೆಗೆದಿರಿ. ನಿಮ್ಮಪ್ಪ, ಚಿಕ್ಕಪ್ಪ ಪಾಲಾದ ಮೇಲೆ ಹಿತ್ತಲಿನ ಬಾವಿ ಮಾತ್ರ ಪಾಲಾಗದೆ ನಡುವೆ ಉಳಿದಿತ್ತಲ್ಲ, ಯಾರ ಪಾಳಿ ಯಾವಾಗ ಎಂದು ನಿಮ್ಮಮ್ಮನಿಗೂ ಚಿಕ್ಕಮ್ಮನಿಗೂ ದಿನಾ ಜಟಾಪಟಿ. ಅಜ್ಜಿ ನಿಮ್ಮ ಮನೆಯಲ್ಲಿ ಸಾರು, ಪಲ್ಯ, ಪಾಯಸ ಎಲ್ಲ ಉಂಡು, ಕೈತೊಳೆದು, ಅದೇ ಉಸಿರಿಗೆ ಅಂಗಳ ದಾಟಿ ಚಿಕ್ಕಪ್ಪನ ಅಡಿಗೆಮನೆಯಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದರಂತೆ, ಎರಡು ತುತ್ತು ಮೊಸರನ್ನ ಹಾಕಮ್ಮ ಎಂದು. ಉಂಡು ತೇಗಿಕೊಂಡು ಬಂದು ಬಾವಿಕಟ್ಟೆಯ ಮೇಲೆ ಕೂತು ಪಂಚಾಯಿತಿ. ‘ನಮ್ಮಜ್ಜಿಗೆ ಎರಡು ಹೊಟ್ಟೆ ಕಣೇ’ ಎಂದು ಅವರ ತೇಗನ್ನೂ ಅಣಕಿಸಿ ತೋರಿಸಿದಿರಿ. ಸ್ಪಂದನಾ ನಕ್ಕು ನಕ್ಕು ನೀರು ಮೂಗಿಗೇರಿಸಿಕೊಂಡಳು. ಈಗ ಆ ನಗು ಈ ಮನೆಯಲ್ಲಿ ಆಯಿತೇ ಎಂದು ನಂಬುವುದೇ ಕಷ್ಟವಾಗಿದೆ.

ಆಮೇಲೆ ಆ ಜ್ವರ ಬಂತು. ಅವತ್ತು ನೀವು ಫೋನು ಮಾಡಿ, ಮಾತಿಲ್ಲದೆ ಬಿಕ್ಕುತ್ತಿದ್ದಿರಿ. ಮದುವೆಯಾದ ಮೇಲೆ ನಿಮ್ಮ ಅಳು ಕೇಳಿದ್ದು ಅದೇ ಮೊದಲು, ನಿಮ್ಮಪ್ಪ ಹೋದಾಗಲೂ ನೀವು ಅತ್ತಿರಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಸಾರಿನಪುಡಿ ಇತ್ತು, ಎದ್ದು ಸಾರು ಮಾಡುವ ಶಕ್ತಿ ಇರಲಿಲ್ಲ. ನೀವಿರುವ ಗೇಟಿನ ಮನೆಯ ಬಾಗಿಲು ತೆರೆಯದ್ದನ್ನು ನೋಡಿ ಮೇಲಿನ ಊರಿನ ಒಬ್ಬ ಅಜ್ಜಿ ಒಳಗೆ ಬಂದಳು, ತಲೆ ಎತ್ತಿ ಹಿಡಿದು ಬಟ್ಟಲಿನಲ್ಲಿ ಬಿಸಿ ಬಿಸಿ ಕುರಿಯ ರಸ ಕುಡಿಸಿದಳು, ಅದರಲ್ಲಿ ರೊಟ್ಟಿ ಅದ್ದಿ ತಿನ್ನಿಸಿದಳು. ನೀವು ಬಟ್ಟಲು ತಳ ಕಾಣುವ ತನಕ ಕುಡಿದಿರಿ. ‘ಚಿತ್ರಾ, ನನಗೆ ರುಚಿಯಾಗಿತ್ತು ಕಣೇ’ ಎಂದು ಅತ್ತಿರಿ. ಅಯ್ಯೋ ನನ್ನ ರಾಯರೇ! ರೋಜಿಗೆ ಹೇಳಿದರೆ ಅವಳು ಕಣ್ಣು ಕೆಂಪಗೆ ಮಾಡಿಕೊಂಡು, ‘ಆ ಮುದುಕಿ ಸೂಪು ಕುಡಿಸಿದ್ದಕ್ಕೆ ನಿನ್ನ ಗಂಡ ಉಳಿದದ್ದು ಮಾರಾಯ್ತಿ, ಅವಳ ಕಾಲಿಗೆ ಬೀಳ್ಬೇಕು ನೀನು’ ಎಂದಳು. ನಾನು ಮನಸ್ಸಿನಲ್ಲೇ ಬಿದ್ದಿದ್ದೇನೆ. ಔಷಧಿಗೆ ಕುಡಿದದ್ದಕ್ಕೆ ದೋಷವಿಲ್ಲ. ಇದ್ದರೆ ಅದು ನನಗಿರಲಿ, ಅರ್ಧ ಪಾಲಿಗೆ ನಾನೂ ಇದ್ದೇನಲ್ಲ. ನೀವು ಮಡಿ ಕೆಟ್ಟಿತು ಎಂದು ಅಳುತ್ತಿದ್ದಾಗ ಹೊರಗೆ ಅದಕ್ಕಿಂತ ದೊಡ್ಡದು ಕೆಟ್ಟಿತ್ತು. ಬಟ್ಟಲು ಹಿಡಿದು ಹೊರಗೆ ಬಂದ ಅಜ್ಜಿಯನ್ನು ಕೆಳಗಿನ ಊರಿನವರು ನೋಡಿಬಿಟ್ಟಿದ್ದರು.

ಮಾರನೆಯ ದಿನ ಕೆಳಗಿನವರ ಪಾಳಿ. ಮುದುಕ ಬೀಗದ ಕೈ ತರಲಿಲ್ಲ. ‘ಇವನು ಅವರ ಉಪ್ಪು ತಿಂದ, ಇನ್ನು ಇವನ ಅಳತೆ ಅವರ ಅಳತೆ, ಮೂರನೆಯ ಬೀಗದ ಕೈ ನಮಗೆ ಕೊಡಲಿ’ ಎಂದು ಹೇಳಿಕಳಿಸಿದ. ಮೇಲಿನವರು, ಕೊಟ್ಟರೆ ಗೇಟನ್ನೇ ಒಡೆದು ಹಾಕುತ್ತೇವೆ ಎಂದರು. ಅಂದಿನಿಂದ ಕೆಳಗಿನ ನಾಲೆಗೆ ಹನಿ ನೀರು ಹೋಗಿಲ್ಲ. ಸ್ಪಂದನಾ ನಿನ್ನೆ ಒಂದು ವಿಡಿಯೋ ಹುಡುಕಿ ತೆಗೆದಳು. ಒಂದು ಕಡೆ ಮೇಲಿನ ಊರಿನ ಗಂಡಸರು, ಇನ್ನೊಂದು ಕಡೆ ರಸ್ತೆಗೆ ಅಡ್ಡ ಕೂತ ಕೆಳಗಿನ ಊರಿನವರು. ಕೈಯಲ್ಲಿ ಸಲಿಕೆ, ದೊಣ್ಣೆ. ನಡುವೆ ನಿಮ್ಮ ಗೇಟಿನ ಮನೆ. ಬಾಗಿಲ ಹೊರಗಿನ ಹಗ್ಗದ ಮೇಲೆ ನಿಮ್ಮ ನೀಲಿ ಟವೆಲ್ಲು ಒಣಗುತ್ತಿತ್ತು. ನೀವು ಕಾಣಿಸಲಿಲ್ಲ. ಆ ಟವೆಲ್ಲನ್ನೇ ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆವೋ! ‘ಅಟ್‌ಲೀಸ್ಟ್ ಹೀ ಈಸ್ ವಾಷಿಂಗ್ ಹಿಸ್ ಕ್ಲೋತ್ಸ್, ಅಮ್ಮಾ’ ಎಂದಳು ಮಗಳು ಧೈರ್ಯ ಹೇಳುವವಳ ಹಾಗೆ, ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ವಿಡಿಯೋದ ಕೊನೆಯಲ್ಲಿ ಒಣಗಿದ ನಾಲೆಯೊಳಗೆ ಒಬ್ಬ ಹೆಂಗಸು ಇಳಿದು ಕೊಡ ಹಿಡಿದು ನಿಂತಿದ್ದಳು. ಅವಳ ಹಿಂದೆ ಜರ್ದಾಳು ಮರದ ಎಲೆಗಳು ಮುರುಟಿಹೋಗಿದ್ದವು. ಅವಳು ಆ ನೀರುಗಂಟಿಯ ಹೆಂಡತಿಯೇ ಇರಬೇಕು ಎಂದು ನನಗೆ ಅನ್ನಿಸಿತು, ಯಾಕೋ ಗೊತ್ತಿಲ್ಲ.

ಏನು ಮಾಡಲಿ ಎಂದು ನಾನು ಯೋಚಿಸದೆ ಬಿಟ್ಟದ್ದಿಲ್ಲ. ಬೀಗದ ಕೈಯನ್ನು ಹೊಳೆಗೆ ಎಸೆದು ಓಡಿಬನ್ನಿ ಎಂದು ಬರೆಯೋಣ ಎಂದುಕೊಂಡೆ. ಎಸೆದವನನ್ನು ಎರಡೂ ಕಡೆಯವರು ಸುಮ್ಮನೆ ಬಿಡುತ್ತಾರೆಯೇ? ಇಜಾಝ್ ಭಾಯ್ ಕೈಗೆ ಕೊಟ್ಟುಬನ್ನಿ ಎಂದುಕೊಂಡೆ. ಅವರು ಹಿಂದಿನ ಸಲ ಹೋದಾಗ ಎರಡೂ ಮನೆಯಲ್ಲಿ ಬೇಡ ಬೇಡವೆನ್ನದೆ ಪುಲಾವು ತಿಂದು ಬಂದವರು, ಅವರಾದರೂ ಕಾಯಲಿ ಎಂದು. ಕೇಳಿದೆ ಕೂಡ. ಹಮದ್ ಟೌನಿನಲ್ಲಿ ಅವರಿಗೆ ಮೂರು ಮಕ್ಕಳು, ಹೆಂಡತಿಗೆ ಈಗ ತಿಂಗಳು ತುಂಬಿದೆ. ‘ಭಾಭೀ, ಹೇಳಿದರೆ ಮಾಡುತ್ತೇನೆ’ ಎಂದರು ತಲೆ ತಗ್ಗಿಸಿ. ಹೇಗೆ ಹೇಳಲಿ? ಕೊನೆಗೆ, ಯಾರಿಗಾದರೂ ಕೊಟ್ಟು ಬನ್ನಿ, ಯಾರು ಹಾಳಾದರೂ ನನಗೇನು ಎಂದು ಬರೆಯಲು ಕೂತೆ. ಆಗ ಕೊಡ ಹಿಡಿದ ಆ ಹೆಂಗಸು ಕಣ್ಣ ಮುಂದೆ ಬಂದಳು, ಬಟ್ಟಲು ಹಿಡಿದ ಆ ಅಜ್ಜಿಯೂ ಬಂದಳು. ಮೇಲಿನವರಿಗೆ ಕೊಟ್ಟರೆ ಆ ಹೆಂಗಸಿನ ಮನೆ ಉರಿಯುತ್ತದೆ, ಕೆಳಗಿನವರಿಗೆ ಕೊಟ್ಟರೆ ಆ ಅಜ್ಜಿಯ ಮನೆ. ‘ಯಾರಿಗೆ ಕೊಟ್ಟು ಬರಲಿ ಚಿತ್ರಾ, ನೀನೇ ಹೇಳು’ ಎಂದು ಆ ಕೊನೆಯ ಫೋನಿನಲ್ಲಿ ಕೇಳಿದಿರಿ. ನಾನು ಮಾತು ತಿರುಗಿಸಿ, ಜ್ವರ ಎಷ್ಟಿದೆ ಎಂದು ಕೇಳಿದೆ. ಅದಕ್ಕೇ ನಿಮ್ಮ ಮೇಲೆ ಇಷ್ಟು ಸಿಟ್ಟು. ಹಟ ಎಂದು ಬೈಯಬೇಕೆಂದರೆ ಅದು ಹಟವಲ್ಲ ಎಂದು ನನಗೇ ಗೊತ್ತಿದೆ. ಆದರೆ ಆ ಜನರೆಲ್ಲ ನಿಮಗೆ ಏನಾಗಬೇಕು ರೀ? ನಾನು ನಿಮ್ಮ ಹೆಂಡತಿ. ನನಗೆ ನೀವು ಬೇಕು. ಗುಂಡು ಯಾರ ಉಪ್ಪು ತಿಂದವನು ಎಂದು ಕೇಳಿ ಬರುವುದಿಲ್ಲ.

ಮತ್ತೆ ಅದೇ ಫೋನಿನಲ್ಲಿ ನೀವು ಇನ್ನೊಂದು ಮಾತು ಹೇಳಿದಿರಿ. ಪ್ರಾಯಶ್ಚಿತ್ತಕ್ಕೆ ಇನ್ನು ಯಾರ ಕೈಯಿಂದಲೂ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ, ನಾನೇ ಬೇಯಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಉಪವಾಸ, ಅದನ್ನು ನೋಡಿಯಾದರೂ ಅವರಿಗೆ ನಂಬಿಕೆ ಬರುತ್ತದೆ ಎಂದು. ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಜ್ವರ ಬಿಟ್ಟ ದೇಹ ಉಪವಾಸ ತಡೆಯುವುದಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದು ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ ಹುರಿದೆ. ಬಾಲ್ಕನಿ ಬಾಗಿಲು ತೆರೆದರೆ ಹೊರಗಿನ ಸೆಕೆ ಒಳಗೆ, ಮುಚ್ಚಿದರೆ ಒಳಗಿನ ಘಾಟು ಒಳಗೇ. ಇಡೀ ಫ್ಲೋರು ಸೀನಿತು. ರೋಜಿ ದುಪಟ್ಟಾ ಮೂಗಿಗೆ ಹಿಡಿದು ಬಂದು, ‘ನಿನ್ನ ಗಂಡನಿಗೆ ಇಲ್ಲಿಂದಲೇ ವಾಸನೆ ಹೋಗಿರ್ತದೆ’ ಎಂದಳು. ನಿಮ್ಮ ಆ ಸ್ಟೀಲ್ ಡಬ್ಬಿಗೇ ತುಂಬಿ ಬಟ್ಟೆ ಕಟ್ಟಿದ್ದೇನೆ. ಕಳೆದ ಸಲ ಬರಿ ಡಬ್ಬಿ ವಾಪಸು ಕಳಿಸಬಾರದೆಂದು ಒಣ ಜರ್ದಾಳು ತುಂಬಿ ಕಳಿಸಿದ್ದಿರಿ, ಇನ್ನೂ ಅರ್ಧ ಹಾಗೇ ಇದೆ, ತಿನ್ನಲು ಮನಸ್ಸು ಬರುತ್ತಿಲ್ಲ. ಬ್ಯಾಗಿನಲ್ಲಿ ರೋಜಿ ಬರೆದು ಅಂಟಿಸಿದ ಮಾತ್ರೆಗಳಿವೆ, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು. ಉಣ್ಣೆ ಕಾಲುಚೀಲ, ಹೊಸ ಮಫ್ಲರ್, ಮನಾಮದ ಕೃಷ್ಣನ ಗುಡಿಯ ಕುಂಕುಮ ಇದೆ. ಸ್ಪಂದನಾ ಒಂದು ಕಾರ್ಡು ಮಾಡಿದ್ದಾಳೆ, ನನಗೆ ತೋರಿಸಲಿಲ್ಲ.

ಆ ರಸ ಕುಡಿಸಿದ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಅವಳ ಹೆಸರನ್ನು ನೀವು ಹೇಳಲೇ ಇಲ್ಲ. ರೋಜಿ ಪ್ರತಿ ದಿನ ನಿಮ್ಮ ಹೆಸರಿಗೆ ಒಂದು ಮೇಣದಬತ್ತಿ ಹಚ್ಚುತ್ತಿದ್ದಾಳೆ, ಮಾಲೀಕರ ದುವಾ ಇದೆ, ನನ್ನ ತುಪ್ಪದ ದೀಪ ಆರಿಲ್ಲ. ಇಷ್ಟು ಜನ ಇಷ್ಟು ದೇವರ ಹತ್ತಿರ ಬೇಡುತ್ತಿರುವಾಗ ಒಬ್ಬ ದೇವರಾದರೂ ಎದ್ದು ಬಾಗಿಲು ತೆಗೆಯದಿರಲಾರ. ಮೈ ಬೆಚ್ಚಗಿಟ್ಟುಕೊಳ್ಳಿ. ಕಿಟಕಿಯ ಹತ್ತಿರ ಮಲಗಬೇಡಿ.

ನಿಮ್ಮ ದಾರಿ ಕಾಯುವ,
ಚಿತ್ರಾ

ಮತ್ತೆ ಬರೆಯುವುದು: ಇಜಾಝ್ ಭಾಯ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಡಬ್ಬಿ ಬಿಚ್ಚಿ ನೋಡಿ ಬೈಯಬೇಡಿ. ಅದು ಖಾಲಿ. ಬರಿ ಪಾತ್ರೆ ಕಳಿಸಬಾರದೆಂದು ನನಗೂ ಗೊತ್ತು. ಪುಡಿ ತುಂಬಿ ಕಟ್ಟಿದ್ದೆ, ಈಗ ಬಿಚ್ಚಿ ಎಲ್ಲ ತೆಗೆದೆ. ನಿಮ್ಮಜ್ಜಿಗೆ ಎರಡು ಹೊಟ್ಟೆ ಇರಲಿಲ್ಲ ರೀ. ಒಂದೇ ಹೊಟ್ಟೆ, ಅದರಲ್ಲಿ ಎರಡೂ ಮನೆಯ ಉಪ್ಪು ಇರಬೇಕಿತ್ತು, ಅದಕ್ಕೇ ಬಿರಿಯುವಷ್ಟು ತುಂಬಿದ್ದರೂ ಅಂಗಳ ದಾಟುತ್ತಿದ್ದರು. ನೀವೂ ದಾಟಿ. ಈ ಡಬ್ಬಿ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ, ಹಗಲಿನಲ್ಲಿ, ಆ ಕೆಳಗಿನ ನೀರುಗಂಟಿಯ ಮನೆಗೆ ಹೋಗಿ. ಹಸಿವಾಗಿದೆ ಎನ್ನಿ. ಅವನ ಹೆಂಡತಿ ಏನು ಬಡಿಸಿದರೂ ಉಣ್ಣಿ, ಮಾಂಸವಾದರೂ ಉಣ್ಣಿ, ನಾನು ದೇವರಿಗೆ ಹೇಳಿದ್ದೇನೆ. ಇದರಿಂದ ಅವರು ಬೀಗದ ಕೈ ತರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ನನಗೆ ಬೇರೆ ಏನೂ ತೋಚುತ್ತಿಲ್ಲ. ಸಾರಿನಪುಡಿಯನ್ನು ಇಲ್ಲೇ ಗಾಜಿನ ಬಾಟ್ಲಿಯಲ್ಲಿ ಹಾಕಿಟ್ಟಿದ್ದೇನೆ. ಮನೆಗೆ ಬಂದು ಉಣ್ಣಿ.